ಬರಹ ನಮ್ಮದು, ಕೀಲಿಕೈ ಯಾರದು?

ಹೆಣ್ಣುಮಕ್ಕಳು ಬರೆಯುವುದಿಲ್ಲ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಬರೆಯುತ್ತಾರೆ, ದಿನಾಲೂ ಬರೆಯುತ್ತಾರೆ. ಅದನ್ನು ಬರವಣಿಗೆ ಎಂದು ಯಾರೂ ಕರೆಯುವುದಿಲ್ಲ, ಅಷ್ಟೆ. ಹಾಲಿನವನ ಲೆಕ್ಕ, ಸಿಲಿಂಡರ್ ಹಚ್ಚಿದ ತಾರೀಖು, ಅತ್ತೆಯವರ ಬಿ.ಪಿ. ಗುಳಿಗೆಯ ಹೆಸರು, ಕೂಸಿನ ಲಸಿಕೆ, ಭಿಶಿಯಲ್ಲಿ ಈ ತಿಂಗಳ ಪಾಳಿ ಯಾರದು, ನಮ್ಮ ಮನೆಯ ಮದುವೆಗೆ ಯಾರು ಏನು ಆಯೇರಿ ಮಾಡಿದರು, ಅವರ ಮನೆಯ ಮದುವೆಗೆ ನಾವೇನು ಮಾಡಬೇಕು, ವರ್ಷದ ಮಸಾಲಿ ಖಾರಕ್ಕೆ ಕಿಲೋ ಬ್ಯಾಡಗಿ ಮೆಣಸಿನಕಾಯಿಗೆ ಕೊತ್ತಂಬರಿ ಬೀಜ ಎಷ್ಟು, ಒಣಕೊಬ್ಬರಿ ಎಷ್ಟು. ಇಷ್ಟೂ ಬರೆದಿಡದಿದ್ದರೆ ಒಂದು ಸಂಸಾರ ನಡೆಯುತ್ತದೆಯೇ? ನೀವೇ ಹೇಳಿ.

ಮೊದಲು ಇವೆಲ್ಲ ಕ್ಯಾಲೆಂಡರಿನ ಬೆನ್ನಿಗೆ, ಮಕ್ಕಳ ಶಾಲೆಯ ವಹಿಯಲ್ಲಿ ಉಳಿದ ಹಾಳೆಗಳಿಗೆ ಸೇರುತ್ತಿದ್ದವು. ಈಗ ಮೊಬೈಲಿಗೆ ಸೇರುತ್ತಿವೆ. ಬೆಳಗಾವಿಯ ಗಣಪತ ಗಲ್ಲಿಯಲ್ಲಿ ಸಂತೆ ಮಾಡುವ ಹೆಂಗಸರನ್ನು ನೋಡಿ, ಚೀಟಿ ಹಿಡಿದವರಿಗಿಂತ ಮೊಬೈಲು ಹಿಡಿದವರೇ ಹೆಚ್ಚು. ಒಳ್ಳೆಯದೇ. ಆದರೆ ಯಾವ ಆ್ಯಪ್‌ನಲ್ಲಿ ಬರೆಯುತ್ತೀರಿ ಎಂದು ಕೇಳಿದರೆ, “ಏನೋ, ಮೊಬೈಲಿನಾಗ ಮೊದಲ ಇತ್ತರಿ” ಎಂದೋ, “ಮಗ ಹಾಕಿಕೊಟ್ಟಾನ್ರಿ” ಎಂದೋ ಉತ್ತರ ಬರುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಒಂದು ಸೀರೆ ಕೊಳ್ಳಲು ನಾಲ್ಕು ಅಂಗಡಿ ಹತ್ತಿ ಇಳಿಯುವ ನಾವು, ಬದುಕಿನ ಲೆಕ್ಕವನ್ನೆಲ್ಲ ಇಡುವ ಪೆಟ್ಟಿಗೆಯನ್ನು ಮಾತ್ರ ಕಣ್ಣುಮುಚ್ಚಿ ಆರಿಸುತ್ತೇವೆ.

ನಮ್ಮ ಕಡೆ ಹೊಲದ ಮಾತು ಬಂದರೆ ಮೊದಲು ಕೇಳುವುದು, ಉತಾರ ಯಾರ ಹೆಸರಿನಲ್ಲಿದೆ ಎಂದು. ಹುಟ್ಟಿನಿಂದಲೇ ಮಗಳಿಗೂ ಮಗನಷ್ಟೇ ಪಾಲು ಎಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿಯಾಯಿತು. ಆದರೂ ಉತಾರದಲ್ಲಿ ಹೆಸರು ಬರಬೇಕಾದರೆ ಎಷ್ಟು ಹೊಸ್ತಿಲು ತುಳಿಯಬೇಕು ಎಂಬುದು ತುಳಿದವರಿಗೇ ಗೊತ್ತು. ಅದೇ ಕಥೆ ಈಗ ಮೊಬೈಲಿನಲ್ಲಿ ನಡೆದಿದೆ. ಬರೆಯುವವಳು ತಾಯಿ, ಖಾತೆ ಮಗನ ಹೆಸರಿನಲ್ಲಿ. ಬರೆಯುವವಳು ಹೆಂಡತಿ, ಗುಪ್ತಪದ ಗಂಡನ ತಲೆಯಲ್ಲಿ.

ಖಾನಾಪುರದಲ್ಲಿರುವ ನನ್ನ ವೈನಿ ತಮ್ಮ ಓಣಿಯ ಹೆಂಗಸರ ಸಂಘದ ಲೆಕ್ಕ ನೋಡುತ್ತಾರೆ. ಪುಣೆಯಲ್ಲಿ ನೌಕರಿ ಮಾಡುವ ಮಗ ತನ್ನದೇ ಹಳೆಯ ಖಾತೆಯಲ್ಲಿ ಒಂದು ಟಿಪ್ಪಣಿ ಆ್ಯಪ್ ಹಾಕಿಕೊಟ್ಟಿದ್ದ. ಮೂರು ವರ್ಷ ಅದರಲ್ಲೇ ಬರೆದರು. ಮಗ ಹೊಸ ಖಾತೆ ತೆಗೆದು ಹಳೆಯದನ್ನು ಅಳಿಸಿಬಿಟ್ಟ. ತಾಯಿಯ ಬರಹ ಅದರೊಳಗಿದೆ ಎಂಬುದು ಅವನ ಮನಸ್ಸಿಗೆ ಬರಲೇ ಇಲ್ಲ. ಯಾರು ಎಷ್ಟು ಸಾಲ ಪಡೆದರು, ಎಷ್ಟು ಮರಳಿಸಿದರು ಎಂಬ ಟಿಪ್ಪಣಿಗಳೆಲ್ಲ ಹೋದವು. ಪುಸ್ತಕದಲ್ಲಿ ಬರೆದಿದ್ದಷ್ಟೇ ಉಳಿಯಿತು, ಉಳಿದದ್ದಕ್ಕೆ ಎರಡು ತಿಂಗಳು ಮನೆಮನೆ ತಿರುಗಿ ಮಾತು ಕೇಳಬೇಕಾಯಿತು. “ಹೊಲದಾಗರ ಪಾಲ ಕೇಳಬಹುದು ತಂಗಿ, ಇದನ್ನ ಯಾರ ಕಡೆ ಹೋಗಿ ಕೇಳಲಿ?” ಎಂದರು ವೈನಿ. ಆ ಪ್ರಶ್ನೆಗೆ ನನ್ನ ಉತ್ತರವೇ ಈ ಬರಹ.

“ಪುಕ್ಕಟೆ ಸಿಗುವಾಗ ಇಷ್ಟೆಲ್ಲ ಯಾಕೆ ನೋಡಬೇಕು?” ಎನ್ನುವವರಿದ್ದಾರೆ. ಪುಕ್ಕಟೆ ಬೇರೆ, ಮುಕ್ತ ಬೇರೆ. ದೊಡ್ಡ ಮನೆಯವರು ತಮ್ಮ ಹಿತ್ತಲಿನ ಬೋರ್‌ವೆಲ್‌ನಿಂದ ಓಣಿಗೆಲ್ಲ ನೀರು ಬಿಟ್ಟರೆ ಅದು ಪುಕ್ಕಟೆ ನೀರು. ಅವರ ಮನಸ್ಸು ಬದಲಾದ ದಿನ, ಅಥವಾ ಮನೆ ಮಾರಿದ ದಿನ, ಗೇಟು ಮುಚ್ಚುತ್ತದೆ. ಊರ ಬಾವಿ ಹಾಗಲ್ಲ. ಅದು ಯಾರೊಬ್ಬರ ಹಿತ್ತಲಿನದೂ ಅಲ್ಲ. ಹೂಳು ತುಂಬಿದರೆ ಊರವರೇ ಇಳಿದು ಎತ್ತಬಹುದು. ಮುಕ್ತ ತಂತ್ರಾಂಶವೆಂದರೆ ಊರ ಬಾವಿ. ಅದನ್ನು ಹೇಗೆ ಕಟ್ಟಿದ್ದಾರೆ ಎಂಬ ಮೂಲ ಬರಹವೇ ಎಲ್ಲರ ಕಣ್ಣೆದುರು ಇರುತ್ತದೆ. ತಿಳಿದವರು ಓದಬಹುದು, ತಿದ್ದಬಹುದು, ಮೊದಲು ಕಟ್ಟಿದವರು ಕೈಬಿಟ್ಟರೆ ಬೇರೆಯವರು ಮುಂದುವರಿಸಬಹುದು.

ಇದು ಬರೀ ಮಾತಲ್ಲ. ಕಚೇರಿ ಕೆಲಸಕ್ಕೆ ಬಳಕೆಯಲ್ಲಿದ್ದ ಓಪನ್ ಆಫೀಸ್ ಎಂಬ ಮುಕ್ತ ತಂತ್ರಾಂಶವನ್ನು ನಡೆಸುತ್ತಿದ್ದ ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡಿತು. ಅದೇ ವರ್ಷ, ಅದನ್ನು ಕಟ್ಟುತ್ತಿದ್ದವರಲ್ಲಿ ಅನೇಕರು ಹೊರಬಂದು, ಅದೇ ಮೂಲದಿಂದ ಲಿಬ್ರೆ ಆಫೀಸ್ ಕಟ್ಟಿದರು. ಇಂದಿಗೂ ಅದು ಜೀವಂತವಾಗಿದೆ. ಮಾಲೀಕರು ಬದಲಾದರೂ ಬಾವಿ ಬತ್ತಲಿಲ್ಲ.

ಇನ್ನೊಂದು ಬದಿಯನ್ನೂ ನೋಡಿ. ಎವರ್‌ನೋಟ್ ಎಂಬ ಟಿಪ್ಪಣಿ ಆ್ಯಪ್ 2008ರಿಂದ ಜಗತ್ತಿನಾದ್ಯಂತ ಹೆಸರು ಮಾಡಿತ್ತು. ಅದರ ಮೂಲ ಮುಕ್ತವಲ್ಲ. ಇಟಲಿಯ ಬೆಂಡಿಂಗ್ ಸ್ಪೂನ್ಸ್ ಎಂಬ ಕಂಪನಿ ಅದನ್ನು ಕೊಳ್ಳುವುದಾಗಿ 2022ರ ನವೆಂಬರಿನಲ್ಲಿ ಪ್ರಕಟವಾಯಿತು. 2023ರ ಡಿಸೆಂಬರಿನಲ್ಲಿ, ಪುಕ್ಕಟೆ ಬಳಸುವವರಿಗೆ ಐವತ್ತೇ ಟಿಪ್ಪಣಿ, ಒಂದೇ ವಹಿ ಎಂಬ ಮಿತಿ ಬಂತು. ಹಳೆಯ ಟಿಪ್ಪಣಿಗಳನ್ನು ಓದಲು, ಹೊರತೆಗೆಯಲು ಬಿಟ್ಟರು ಎಂಬುದನ್ನೂ ಹೇಳಬೇಕು. ಆದರೂ ಐವತ್ತು ಟಿಪ್ಪಣಿಯೆಂದರೆ ಎಷ್ಟು? ಒಂದು ಮದುವೆಯ ಮನೆಗೇ ಸಾಲದು! ಕಂಪನಿ ತನ್ನ ಹಕ್ಕನ್ನು ಚಲಾಯಿಸಿತು, ತಪ್ಪೆನ್ನಲಾರೆ. ನಮಗೆ ಆ ಜಾಗದಲ್ಲಿ ಹಕ್ಕೇ ಇರಲಿಲ್ಲ ಎಂಬುದೇ ಪಾಠ.

ಕನ್ನಡಿಗರಿಗೆ ಈ ಪಾಠ ಹೊಸದೇನಲ್ಲ. ಗಣಕಯಂತ್ರ ಬಂದ ಹೊಸದರಲ್ಲಿ ನುಡಿ, ಬರಹ, ಶ್ರೀಲಿಪಿ ಎಂದು ಹಲವು ಬಗೆಯ ಅಕ್ಷರಗಳಿದ್ದವು, ಎಲ್ಲಕ್ಕೂ ಒಂದೇ ಒಳಲೆಕ್ಕವಿರಲಿಲ್ಲ. ಒಂದರಲ್ಲಿ ಹೊಡೆದ ಪತ್ರವನ್ನು ಆ ಅಕ್ಷರವಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಗೀಟು, ಚುಕ್ಕೆ, ಅರ್ಥವಿಲ್ಲದ ಗುರುತುಗಳು. ಯುನಿಕೋಡ್ ಎಂಬ ಎಲ್ಲರಿಗೂ ಒಂದೇ ಆದ ಲೆಕ್ಕದಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಮ್ಮ ಬಳಕೆಗೆ ಇಳಿಯಲು ವರ್ಷಗಳೇ ಹಿಡಿದವು. ಈಗ ಬೆಳಗಾವಿಯಿಂದ ಕಳಿಸಿದ ಕನ್ನಡವನ್ನು ಅಮೆರಿಕದಲ್ಲಿರುವ ಮಗಳು ಓದುತ್ತಾಳೆ. ನಮ್ಮಲ್ಲಿ ಎಷ್ಟೋ ಮನೆಗಳ ಪಟ್ಟಿಯಲ್ಲಿ ಒಂದು ಸಾಲು ಕನ್ನಡವಿದ್ದರೆ ಇನ್ನೊಂದು ಸಾಲು ಮರಾಠಿ, ಎರಡೂ ಜೊತೆಯಲ್ಲೇ ನಿಲ್ಲುತ್ತವೆ. ಅಕ್ಷರದ ಲೆಕ್ಕ ಎಲ್ಲರದೂ ಆದದ್ದಕ್ಕೇ ಇದು ಸಾಧ್ಯವಾಯಿತು.

ಹಾಗಾದರೆ ಯಾವುದನ್ನು ಆರಿಸಬೇಕು? ನಾನು ದಿನಬಳಕೆಗೆ ಇಟ್ಟುಕೊಂಡಿರುವುದು ಜೋಪ್ಲಿನ್. ಲೋರಾಂ ಕೊಜಿಕ್ ಎಂಬವರು ಆರಂಭಿಸಿದ ಮುಕ್ತ ತಂತ್ರಾಂಶ ಇದು. ಮೊಬೈಲಿನಲ್ಲೂ ಗಣಕದಲ್ಲೂ ನಡೆಯುತ್ತದೆ. ಬರೆಯಲು ಆರಂಭಿಸಲು ಯಾರ ಖಾತೆಯೂ ಬೇಡ, ಮಗನದೂ ಬೇಡ. ಬರೆದದ್ದು ಮೊದಲು ನಮ್ಮ ಮೊಬೈಲಿನಲ್ಲೇ ಕೂಡುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುತ್ತದೆ, ಬರೆಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿಯ ಕಡೆ ಹೋಗಿ ಬಂದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮಲಪ್ರಭೆ ಹುಟ್ಟುವ ಆ ಕಾಡಿನಲ್ಲಿ ಕರೆಂಟು ಹೋದರೆ ಮೊಬೈಲಿನ ಸಿಗ್ನಲ್ಲೂ ಅದರ ಹಿಂದೆಯೇ ಹೋಗುತ್ತದೆ.

ಎರಡನೆಯ ಪ್ರತಿ ಬೇಕೆಂದರೆ ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ನೆಕ್ಸ್ಟ್‌ಕ್ಲೌಡ್, ಹೀಗೆ ನಮಗೆ ಬೇಕಾದಲ್ಲಿ ಇಡಬಹುದು. ಹಾಗೆ ಹೊರಗೆ ಹೋಗುವ ಪ್ರತಿಗೆ ಕೀಲಿ ಹಾಕುವ ಅನುಕೂಲವಿದೆ, ಅದನ್ನು ನಾವೇ ಚಾಲೂ ಮಾಡಬೇಕು. ಆಗ ಇಟ್ಟುಕೊಂಡವರಿಗೂ ಒಳಗೇನಿದೆ ಓದಲಾಗುವುದಿಲ್ಲ. ಬೇಡವೆನಿಸಿದ ದಿನ ಗಣಕದಲ್ಲಿ ಎಲ್ಲವನ್ನೂ ಸಾದಾ ಅಕ್ಷರದ ಕಡತಗಳಾಗಿ ಹೊರತೆಗೆದು ಬೇರೆ ಕಡೆ ಒಯ್ಯಬಹುದು. ತವರಿನಿಂದ ತಂದ ಪಾತ್ರೆಯನ್ನು ಹೋಗುವಾಗ ತೆಗೆದುಕೊಂಡು ಹೋಗಲು ಯಾರ ಅಪ್ಪಣೆಯೂ ಬೇಡ ಎಂದಂತೆ.

ಜೋಪ್ಲಿನ್ನೇ ಆಗಬೇಕೆಂಬ ಹಟ ನನಗಿಲ್ಲ. ಸ್ಟ್ಯಾಂಡರ್ಡ್ ನೋಟ್ಸ್ ಕೂಡ ಮುಕ್ತವೇ. ಅದಕ್ಕೆ ಕೀಲಿ ಮೊದಲಿನಿಂದಲೇ ಇರುತ್ತದೆ. 2024ರಲ್ಲಿ ಅದು ಸ್ವಿಟ್ಜರ್‌ಲೆಂಡಿನ ಪ್ರೋಟಾನ್ ಸಂಸ್ಥೆಯನ್ನು ಸೇರಿತು. ಯಾವುದನ್ನೇ ಆರಿಸಿ, ನಾಲ್ಕು ಪ್ರಶ್ನೆ ಕೇಳಿ. ಮೂಲ ಮುಕ್ತವೇ? ನೆಟ್‌ವರ್ಕ್ ಇಲ್ಲದೆ ನಡೆಯುವುದೇ? ಬರೆದದ್ದನ್ನೆಲ್ಲ ಸಾದಾ ಅಕ್ಷರದಲ್ಲಿ ಹೊರತೆಗೆಯಬಹುದೇ? ಕೀಲಿಕೈ ನನ್ನ ಕೈಯಲ್ಲಿರುವುದೇ?

“ನಮ್ಮ ಟಿಪ್ಪಣಿಯೊಳಗ ಕದಿಯೂದರ ಏನೈತ್ರಿ, ಉಪ್ಪು ಮೆಣಸಿನಕಾಯಿ!” ಎಂದು ನಗುವ ಗೆಳತಿಯರಿದ್ದಾರೆ. ಬರೀ ಉಪ್ಪು ಮೆಣಸಿನಕಾಯಿಯೇ? ಒತ್ತೆ ಇಟ್ಟ ಪಾಟಲಿಯ ಚೀಟಿ, ತಂಗಿಗೆ ಗುಟ್ಟಾಗಿ ಕೊಟ್ಟ ಹಣ, ಮುಟ್ಟಿನ ತಾರೀಖು, ಡಾಕ್ಟರು ಹೇಳಿದ್ದರಲ್ಲಿ ಮನೆಯಲ್ಲಿ ಇನ್ನೂ ಯಾರಿಗೂ ಹೇಳದ ಮಾತು, ಇವು ಎಲ್ಲಿವೆ? ಹಿಂದೆ ಇವು ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯೊಳಗಿರುತ್ತಿದ್ದವು. ಟ್ರಂಕಿಗೆ ಕೀಲಿ ಹಾಕಿ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿಯಂದಿರ ಮೊಮ್ಮಕ್ಕಳು ನಾವು. ಅವರಿಗಿದ್ದ ಎಚ್ಚರ ನಮಗೆ ಬೇಡವೇ?

“ಹಂಗಾದ್ರ ಕಾಗದವೇ ಒಳ್ಳೆಯದಲ್ಲವೇ?” ಎಂದರೆ, ಅದನ್ನು ನಾನು ಹಗುರಾಗಿ ತೆಗೆದುಹಾಕುವುದಿಲ್ಲ. ಕಾಗದಕ್ಕೆ ಗುಪ್ತಪದವಿಲ್ಲ, ಯಾವ ಕಂಪನಿಯೂ ಇಲ್ಲ. ಆದರೆ ಇರುವುದು ಒಂದೇ ಪ್ರತಿ, ಅದನ್ನು ಗೆದ್ದಲು ತಿನ್ನುತ್ತದೆ, ಖಾನಾಪುರದ ಮಳೆ ನೆನೆಸುತ್ತದೆ. ಫ. ಗು. ಹಳಕಟ್ಟಿಯವರು ಮಠ, ಮನೆಗಳನ್ನು ಹುಡುಕಿ ಓಲೆಗರಿಯ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅಲ್ಲಿಯವರೆಗೆ ವಚನ ಉಳಿದದ್ದು ಹೇಗೆ? ಓದಬಲ್ಲ ಯಾರೇ ಆದರೂ ಪ್ರತಿ ಮಾಡಿಕೊಳ್ಳಬಹುದಾಗಿತ್ತು, ಅದಕ್ಕೆ. ಯಾರು ಬೇಕಾದರೂ ಓದುವಂತಿರುವುದು, ಒಂದಕ್ಕಿಂತ ಹೆಚ್ಚು ಕಡೆ ಇರುವುದು, ಇವೆರಡೇ ಬರಹಕ್ಕೆ ಆಯುಷ್ಯ ಕೊಡುತ್ತವೆ. ಸಾದಾ ಅಕ್ಷರದ ಕಡತಕ್ಕೆ ಎರಡೂ ಗುಣಗಳಿವೆ.

ಕಷ್ಟವಿಲ್ಲವೆಂದು ಹೇಳಿ ನಿಮ್ಮನ್ನು ಮರುಳು ಮಾಡಲಾರೆ. ಜೋಪ್ಲಿನ್ನಿನ ಮೊದಲ ಜೋಡಣೆಗೆ ಒಂದು ಮಧ್ಯಾಹ್ನ ಬೇಕು. ಹೊರಗಿನ ಪ್ರತಿಗೆ ಹಾಕಿದ ಗುಪ್ತಪದ ಮರೆತರೆ ಅದನ್ನು ಬಿಡಿಸಿಕೊಡುವ ಕಚೇರಿಯೂ ಇಲ್ಲ. ಅದನ್ನು ಕಾಗದದ ಮೇಲೆ ಬರೆದು ಬಂಗಾರ ಇಡುವಲ್ಲಿ ಇಡಿ. ಮೊಬೈಲಿಗೇ ಕೀಲಿ ಹಾಕದಿದ್ದರೆ ಒಳಗಿನ ಯಾವ ಕೀಲಿಯಿಂದಲೂ ಪ್ರಯೋಜನವಿಲ್ಲ. ತಿಂಗಳಿಗೊಮ್ಮೆ ಎಲ್ಲವನ್ನೂ ಒಂದು ಗಂಟಾಗಿ ಹೊರತೆಗೆದು ಪೆನ್‌ಡ್ರೈವಿಗೆ ಹಾಕಿ. ಇದೇನು ದೊಡ್ಡ ವಿದ್ಯೆಯೇ? ಹೊಲಿಗೆ ಯಂತ್ರಕ್ಕೆ ದಾರ ಪೋಣಿಸಲು ಕಲಿತವರು, ಬ್ಯಾಂಕಿನ ಅರ್ಜಿ ತುಂಬಲು ಕಲಿತವರು, ಸಂಘ ನಡೆಸಲು ಕಲಿತವರು ನಾವು.

ಆದ್ದರಿಂದ ಮಕ್ಕಳಿಗೆ “ನೀನೇ ಹಾಕಿಕೊಡಪ್ಪಾ” ಎನ್ನುವುದನ್ನು ಬಿಟ್ಟು, “ತೋರಿಸು, ನಾನೇ ಹಾಕಿಕೊಳ್ಳುತ್ತೇನೆ” ಎನ್ನಿ. ಹೊಲದ ಉತಾರಕ್ಕೆ ತಲಾಟಿಯ ಮುಂದೆ ನಿಲ್ಲಬೇಕು, ಕೋರ್ಟಿನ ಮೆಟ್ಟಿಲು ಹತ್ತಬೇಕು. ಈ ಉತಾರಕ್ಕೆ ಯಾರ ಸಹಿಯೂ ಬೇಕಿಲ್ಲ. ನಾವು ಮನಸ್ಸು ಮಾಡಿದರೆ ಸಾಕು.