ಮಣ್ಣು ತರಿಸುವ ಮುನ್ನ ಟೇಪು ಹಿಡಿಯೋಣ



ದೇವಾಲಯದ ಮುಂದಿನ ಹೂದೋಟಕ್ಕೆ ಎಷ್ಟು ಮಣ್ಣು ಬೇಕು? ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮಲ್ಲಿ ಒಬ್ಬರು ಆರು ಟ್ರಾಕ್ಟರ್ ಅಂದರು, ಇನ್ನೊಬ್ಬರು ಹತ್ತು ಅಂದರು. ಅಳತೆ ಮಾಡಿದವರು ಮಾತ್ರ ಯಾರೂ ಇರಲಿಲ್ಲ.

ಲೆಕ್ಕ ಕಷ್ಟದ್ದಲ್ಲ. ಪಾತಿ 40 ಅಡಿ ಉದ್ದ, 15 ಅಡಿ ಅಗಲ ಎಂದುಕೊಳ್ಳಿ. ಅರ್ಧ ಅಡಿ ದಪ್ಪಕ್ಕೆ 300 ಘನ ಅಡಿ ಮಣ್ಣು ಬೇಕು. ನೀರು ಬಿದ್ದ ಮೇಲೆ ಸಡಿಲ ಮಣ್ಣು ಕುಸಿಯುತ್ತದೆ, ಅದಕ್ಕೆ ಐದನೇ ಒಂದು ಭಾಗ ಸೇರಿಸಿದರೆ 360. ಟ್ರೇಲರ್‌ಗಳೆಲ್ಲ ಒಂದೇ ಗಾತ್ರದವಲ್ಲ, ಅದನ್ನೂ ಅಳೆಯಬೇಕು. 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದಾದರೆ 90 ಘನ ಅಡಿ ಹಿಡಿಯುತ್ತದೆ. ಅಂದರೆ ನಾಲ್ಕೇ ಲೋಡು!

"ಹೆಚ್ಚಾದರೆ ಏನಾಯ್ತು, ದೇವರ ಕೆಲಸವಲ್ಲವೇ?" ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಆ ದುಡ್ಡು ಕೂಲಿ ಮಾಡುವ ಮನೆಗಳ ಕಾಣಿಕೆ. ರಾಯದುರ್ಗವಾಗಲಿ, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರವಾಗಲಿ, ಮಳೆ ಕಡಿಮೆಯಾದ, ಶೇಂಗಾ ನಂಬಿದ ಸೀಮೆ. ಹೊಲದ ಮೇಲ್ಮಣ್ಣು ಒಮ್ಮೆ ಹೋದರೆ ಬೇಗ ಮರಳುವುದಿಲ್ಲ. ಕೆರೆಗೋಡು ತರೋಣವೆಂದರೆ ಅದಕ್ಕೂ ರೈತರು ಕಾದಿರುತ್ತಾರೆ. ಮಿಕ್ಕ ಮಣ್ಣು ಗೇಟಿನ ಪಕ್ಕ ಗುಡ್ಡೆಯಾಗಿ ಬಿದ್ದು, ಮಳೆ ಬಂದರೆ ಚರಂಡಿ ಸೇರುತ್ತದೆ.

ಶಿಷ್ಯನಾಗುವುದರ ಬೆಲೆ ತಿಳಿಸಲು ಯೇಸು ಆರಿಸಿಕೊಂಡದ್ದು ಗೋಪುರ ಕಟ್ಟುವವನ ಲೆಕ್ಕಾಚಾರವನ್ನೇ (ಲೂಕ 14). ಲೆಕ್ಕ ನೋಡುವುದು ಜಿಪುಣತನವಲ್ಲ, ಕೊಟ್ಟವರಿಗೆ ತೋರುವ ಗೌರವ.

ಬರುವ ಭಾನುವಾರ ಟೇಪು ನಾವು ತರುತ್ತೇವೆ. ಇನ್ನೊಂದು ತುದಿ ಹಿಡಿಯಲು ನೀವು ಬನ್ನಿ.