ಪದಬಂಧವನ್ನು ಬಿಡಿಸುವ ಬಗೆ

ದಿನಪತ್ರಿಕೆಯ ಪದಬಂಧವನ್ನು ಪ್ರತಿನಿತ್ಯವೂ ಕೈಗೆತ್ತಿಕೊಂಡು, ಅರ್ಧವನ್ನೂ ಮುಗಿಸಲಾರದೆ ಎದ್ದುಹೋಗುವ ಸೋದರಿಯೊಬ್ಬರು, ಇದಕ್ಕೇನಾದರೂ ಉಪಾಯವುಂಟೆ ಎಂದು ನಮ್ಮನ್ನು ಕೇಳಿರುವರು. ಉಪಾಯವುಂಟು. ಆದರೆ ಅದನ್ನು ಹೇಳುವ ಮೊದಲು ನಮ್ಮ ದೌರ್ಬಲ್ಯವೊಂದನ್ನು ಒಪ್ಪಿಕೊಳ್ಳಬೇಕು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾಗಿ ಮೂಗೂರಿನಲ್ಲಿ ನೆಲಸಿರುವ ನಾವು, ನರಸೀಪುರದ ಕಡೆಯ ಬಸ್ಸಿನಲ್ಲಿ ಪತ್ರಿಕೆ ಬರುವುದನ್ನೇ ಜಗಲಿಯ ಮೇಲೆ ಕುಳಿತು ಕಾಯುವೆವು. ಬಂದೊಡನೆ ಲೋಕದ ಸಮಾಚಾರವನ್ನು ಬದಿಗಿಟ್ಟು ಮೊದಲು ಆ ಕಪ್ಪುಬಿಳುಪಿನ ಚೌಕವನ್ನು ತೆರೆಯುವೆವು.

ಈ ವಿನೋದವು ಈಗಿನ ರೂಪದಲ್ಲಿ ಹೊರನಾಡಿನದು. 1913ನೆಯ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಎಂಬವರು ಇದನ್ನು ಪ್ರಕಟಿಸಿದರು. ಆದರೆ ಮಾತಿನ ಒಗಟು ನಮಗೆ ಹೊಸದಲ್ಲ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಲಿಕೆಗಳನ್ನು ಎಣಿಸಿರುವನು. ಕನ್ನಡದ ಪದಬಂಧವನ್ನು ಬೆಳೆಸಿದವರಲ್ಲಿ, 1984ರಿಂದೀಚೆಗೆ ಸಾವಿರಗಟ್ಟಲೆ ಪದಬಂಧಗಳನ್ನು ರಚಿಸಿದ ಅ. ನಾ. ಪ್ರಹ್ಲಾದರಾಯರನ್ನು ನೆನೆಯತಕ್ಕದ್ದು.

ಮೊದಲು ಮನೆಯ ಲೆಕ್ಕವನ್ನು ತಿಳಿಯಬೇಕು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ವರ್ಣ. ಕನ್ನಡದಲ್ಲಿ ಒಂದು ಮನೆಗೆ ಕಾಗುಣಿತ ಒತ್ತುಗಳ ಸಮೇತವಾದ ಒಂದು ಅಕ್ಷರ. ‘ಸ್ವಾತಂತ್ರ್ಯ’ ಎಂಬಷ್ಟು ದೊಡ್ಡ ಮಾತಿಗೆ ಮೂರೇ ಮನೆಗಳು ಸಾಕು. ಇಂಗ್ಲಿಷಿನವನಿಗೆ ಅಡ್ಡಮಾತಿನಿಂದ ದೊರೆಯುವ ಅಕ್ಷರವು ಇಪ್ಪತ್ತಾರರಲ್ಲಿ ಒಂದು. ನಮ್ಮ 34 ವ್ಯಂಜನಗಳಿಗೆ ಹದಿನೈದರಂತೆ ಗುಣಿತವನ್ನು ಹಚ್ಚಿದರೆ ಒತ್ತಕ್ಷರಗಳನ್ನು ಬಿಟ್ಟೇ 510 ಆಗುವುವು. ಆದಕಾರಣ ನಮಗೆ ಸಿಕ್ಕುವ ಒಂದೊಂದು ಅಕ್ಷರವೂ ಹೆಚ್ಚಿನ ಸುಳಿವನ್ನು ಕೊಡುವುದು. ಅದನ್ನು ಓದಲು ಕಲಿತವನು ಅರ್ಧ ಗೆದ್ದಂತೆ.

ಹೇಗೆ ಓದುವುದು? ಕನ್ನಡದ ಯಾವ ಮಾತೂ ಳಕಾರದಿಂದಾಗಲಿ ಣಕಾರದಿಂದಾಗಲಿ ಮೊದಲಾಗದು. ನೀವು ಬರೆದ ಮಾತಿನಿಂದ ಇನ್ನೊಂದರ ಮೊದಲ ಮನೆಗೆ ‘ಳಿ’ ಬಂದು ಕುಳಿತರೆ, ಮುಂದುವರಿಯದೆ ಬರೆದುದನ್ನು ಅಳಿಸಿರಿ. ಸಂಸ್ಕೃತದಲ್ಲಿ ಹ್ರಸ್ವವಾದ ಎಕಾರ ಒಕಾರಗಳಿಲ್ಲ. ಆದುದರಿಂದ ಮಾತಿನ ಆದಿಯಲ್ಲೋ ನಡುವೆಯೋ ‘ಮೊ’, ‘ಕೆ’, ‘ತೊ’ ಕಂಡರೆ ಅದು ದೇಶ್ಯವೆಂದು ತಿಳಿಯಿರಿ. ಕೊನೆಯ ಎಕಾರವನ್ನು ಮಾತ್ರ ನಂಬಬೇಡಿರಿ, ಮಾಲಾ ಎಂಬುದು ನಮ್ಮಲ್ಲಿ ಮಾಲೆಯಾಗಿರುವುದಷ್ಟೆ. ಮಹಾಪ್ರಾಣವೋ ಷಕಾರವೋ ಬಂದರೆ ಬಹುಮಟ್ಟಿಗೆ ಸಂಸ್ಕೃತ. ‘ಕ್ಕ’, ‘ಟ್ಟ’ ಮೊದಲಾದ ಸಜಾತೀಯ ಒತ್ತುಗಳು ಹೆಚ್ಚಾಗಿ ದೇಶ್ಯ ತದ್ಭವಗಳ ಕಡೆಗೆ ಬೆರಳು ಮಾಡುವುವು: ಕಾರ್ಯಕ್ಕೆ ಕಜ್ಜ, ಪಕ್ಷಿಗೆ ಹಕ್ಕಿ, ವಿದ್ಯೆಗೆ ಬಿಜ್ಜೆ. ಇಂಗ್ಲಿಷಿನಿಂದ ಬಂದ ಪೆನ್ನು ಬೆಂಚುಗಳು ಈ ನಿಯಮಗಳಿಗೆ ಒಳಪಡವು.

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಸೌಕರ್ಯವೊಂದುಂಟು; ಮಾಡದವರೂ ಅದನ್ನು ಒಂದು ಗಳಿಗೆಯಲ್ಲಿ ಪಡೆಯಬಹುದು. ಜಲ, ವಾರಿ, ಅಂಬು, ನೀರ ಎಂಬ ನಾಲ್ಕೂ ನೀರಿನ ಹೆಸರುಗಳು. ಇವುಗಳ ಮುಂದೆ ‘ಜ’ ಇಟ್ಟರೆ ತಾವರೆ, ‘ದ’ ಇಟ್ಟರೆ ಮೋಡ, ‘ಧಿ’ ಇಟ್ಟರೆ ಕಡಲು. ವಾರಿಜ, ವಾರಿದ, ವಾರಿಧಿ; ಅಂಬುಜ, ಅಂಬುದ, ಅಂಬುಧಿ. ನಾಲ್ಕು ಮಾತುಗಳನ್ನು ಕಲಿತು ಹನ್ನೆರಡನ್ನು ಗಳಿಸಿದಂತಾಯಿತು. ಪದಬಂಧ ಕಟ್ಟುವವರಿಗೆ ಈ ಮೂರಕ್ಷರದ ಮಾತುಗಳ ಮೇಲೆ ಬಲು ಪ್ರೀತಿ.

ಇಷ್ಟನ್ನೆಲ್ಲ ಬಲ್ಲ ನಾವು ಕಳೆದ ಮಳೆಗಾಲದಲ್ಲಿ ಒಂದು ದಿನ ಸೋತೆವು. ‘ಧಾನ್ಯವನ್ನು ಕೂಡಿಡುವ ಸ್ಥಳ’ ಎಂದು ಸೂಚನೆ, ಮೂರು ಮನೆಗಳು. ಕುಸೂಲ ಎಂದು ಬರೆದು ಮೀಸೆಯನ್ನು ತಿರುವಿದೆವು. ಕಣಜಕ್ಕೆ ಸಂಸ್ಕೃತದಲ್ಲಿ ಅದೇ ಹೆಸರಲ್ಲವೆ? ಆದರೆ ಅದರ ನಡುಮನೆಯಿಂದ ಕೆಳಗಿಳಿಯುವ ಎರಡಕ್ಷರದ ಮಾತಿಗೆ ‘ಉಳುವವನು ಒಡೆಯನಿಗೆ ಕೊಡುವುದು’ ಎಂಬ ಸೂಚನೆಯಿತ್ತು. ಅದು ‘ಗೇಣಿ’ ಎಂಬುದರಲ್ಲಿ ಸಂದೇಹವಿಲ್ಲ. ನಮ್ಮ ‘ಸೂ’ ಅದಕ್ಕೆ ಎಡೆಗೊಡದು. ಮಧ್ಯಾಹ್ನದ ಊಟದವರೆಗೂ ತಪ್ಪು ಪದಬಂಧವನ್ನು ಕಟ್ಟಿದವರದೇ ಎಂದು ಸಾಧಿಸಿದೆವು.

ಪಡಸಾಲೆಯಲ್ಲಿ ಅಕ್ಕಿಯನ್ನು ಮೊರಕ್ಕೆ ಹಾಕಿ ಕಲ್ಲಾರಿಸುತ್ತಿದ್ದ ನಮ್ಮ ಮನೆಯವರು ತಲೆಯೆತ್ತದೆಯೇ, “ನಿಮ್ಮ ಕುಸೂಲ ಯಾರ ಮನೆಯಲ್ಲಿತ್ತು? ನಮ್ಮ ಅಂಗಳದಲ್ಲಿದ್ದುದು ಹಗೇವು” ಎಂದರು.

ಹ, ಗೇ, ವು. ಮೂರೇ ಮನೆಗಳು, ನಡುವೆ ‘ಗೇ’.

ಆ ಹಗೇವಿನ ಬಾಯಿಯ ಸುತ್ತಲೇ ನಾವು ಬಾಲ್ಯದಲ್ಲಿ ಆಡಿದವರು. ಬಾಯಿ ಒಬ್ಬನು ಇಳಿಯುವಷ್ಟು ಕಿರಿದು, ಹೊಟ್ಟೆ ಗುಡಾಣದಂತೆ ಅಗಲ. ಸುತ್ತಲೂ ಹುಲ್ಲನ್ನಿಟ್ಟು ರಾಗಿಯನ್ನು ತುಂಬಿ, ಮೇಲೆ ಕಲ್ಲನ್ನು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆರೆದ ದಿನ ಯಾರನ್ನೂ ಕೂಡಲೇ ಇಳಿಯಗೊಡುತ್ತಿರಲಿಲ್ಲ. ಒಳಗೆ ಕೆಟ್ಟ ಗಾಳಿ ನಿಂತಿರುವುದೆಂದು ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯನು ಇಳಿಯಬೇಕು. ಆ ದೀಪ ನೆನಪಿದೆ, ಮೇಲೆ ಬಂದ ರಾಗಿಯ ಮುಗ್ಗಲು ವಾಸನೆ ನೆನಪಿದೆ, ಹೆಸರು ಮಾತ್ರ ನಾಲಗೆಗೆ ಬರಲಿಲ್ಲ. ಪರದೇಶದ ಅತಿಥಿಯನ್ನು ಮಣೆಯ ಮೇಲೆ ಕುಳ್ಳಿರಿಸಿ ಮನೆಯ ಮಗನನ್ನು ಬೀದಿಯಲ್ಲಿ ನಿಲ್ಲಿಸಿದಂತಾಯಿತು. ಹಗೇವನ್ನು ಮುಚ್ಚಿಸಿದವರು ನಮ್ಮ ತಂದೆಯವರು; ಮಾತನ್ನು ಮುಚ್ಚಿದವರು ನಾವೇ.

ಅಂದಿನಿಂದ ನಮ್ಮ ಅಭ್ಯಾಸವು ಬದಲಾಗಿರುವುದು. ಸೀಸದ ಕಡ್ಡಿಯಿಂದಲೇ ಬರೆಯುವೆವು. ಸಂದೇಹವಿಲ್ಲದ ಮಾತುಗಳನ್ನು ಮೊದಲು ತುಂಬಿ, ತೊಡಕಿನವನ್ನು ಸಂಜೆಗೆ ಬಿಡುವೆವು. ಬೆಳಿಗ್ಗೆ ಒಲ್ಲೆನೆಂದ ಮಾತು ಸಂಜೆ ತಾನಾಗಿ ಬರುವುದುಂಟು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳನ್ನು ಎಲ್ಲ ಮುಗಿದ ಮೇಲೆ ಪರೀಕ್ಷೆಗಾಗಿ ತೆರೆಯಬೇಕೇ ಹೊರತು ಮೊದಲಲ್ಲ. ಮೇಲಾಗಿ ಒಂದು ಪುಸ್ತಕವನ್ನಿಟ್ಟಿರುವೆವು. ನಮಗೆ ಹೊಳೆಯದೆ ಇತರರಿಂದ ತಿಳಿದ ಮಾತುಗಳನ್ನು, ಹೇಳಿದವರ ಹೆಸರಿನ ಸಮೇತ ಅದರಲ್ಲಿ ಬರೆಯುವೆವು. ಕೂರಿಗೆ, ಹಲುವೆ, ನೊಗ, ಒನಕೆಗಳ ಬಿಡಿಭಾಗಗಳ ಹೆಸರುಗಳೇ ಎರಡು ಪುಟಗಳಾಗಿರುವುವು. ಹೇಳಿದವರಲ್ಲಿ ಹೆಚ್ಚಿನವರು ಹೆಂಗಸರು. ಅವರಲ್ಲಿ ಕೆಲವರು ಪದಬಂಧವನ್ನು ಕಣ್ಣಿಂದ ಕಂಡವರಲ್ಲ. ಪ್ರಶ್ನೆ ಕೇಳಿದ ಸೋದರಿಯು ಮನೆಯಲ್ಲಿರುವ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೂಚನೆಗಳನ್ನು ಗಟ್ಟಿಯಾಗಿ ಓದಲಿ.

ಮೊನ್ನೆ ಹಗೇವಿನ ಬಾಯಿ ಅಂಗಳದಲ್ಲಿ ಎಲ್ಲಿತ್ತೆಂದು ಕೋಲು ಹಿಡಿದು ಹುಡುಕಿದೆವು. ನಾವು ಬಾವಿಯ ಕಡೆಗೆ ತೋರಿಸಿದೆವು. ನಮ್ಮ ಮನೆಯವರು ತುಳಸಿಕಟ್ಟೆಯ ಕೆಳಗೇ ಎಂದರು.