ಅರ್ಜುನನ ಕಂಬನಿಯ ಮುಂದಿನ ಶ್ಲೋಕ

ಬೆಂಗಳೂರಿನ ಮೇಖ್ರಿ ವೃತ್ತದಲ್ಲಿ, ಬಳ್ಳಾರಿ ರಸ್ತೆಯ ವಾಹನಗಳ ಸದ್ದು ಹಗಲಿರುಳೂ ಅಡಗದ ಎಡೆಯಲ್ಲಿ, ಶ್ರೀ ರಮಣ ಮಹರ್ಷಿಗಳ ಮಂದಿರವೊಂದಿದೆ. ಹೆಬ್ಬಾಳ, ಆರ್‌.ಟಿ. ನಗರಗಳ ನಿವಾಸಿಗಳು ದಿನವೂ ಅದರ ಬಳಿಯಲ್ಲೇ ಹಾದುಹೋಗುವರು; ಆದರೆ ಆ ಮಹನೀಯರು ಭಗವದ್ಗೀತೆಯನ್ನು ಓದಿದ ಕ್ರಮವು, ಮನೆಯಲ್ಲಿ ರೋಗಿಯನ್ನೋ ತಲೆಯ ಮೇಲೆ ಸಾಲವನ್ನೋ ಇಟ್ಟುಕೊಂಡು ಆ ದಾರಿಯಲ್ಲಿ ಸಾಗುವವರಿಗೆ ಎಂತಹ ಆಸರೆಯಾಗಬಲ್ಲುದೆಂಬುದನ್ನು ಬಲ್ಲವರು ವಿರಳ.

ಏಳುನೂರು ಶ್ಲೋಕಗಳನ್ನು ನೆನಪಿನಲ್ಲಿಡಲಾರೆನೆಂದು ಭಕ್ತರೊಬ್ಬರು ಬಿನ್ನವಿಸಿ, ಸಾರರೂಪವಾದ ಒಂದೇ ಶ್ಲೋಕವುಂಟೆ ಎಂದು ಕೇಳಿದಾಗ, ಭಗವಂತನು ತಾನು ಸಕಲ ಭೂತಗಳ ಹೃದಯದಲ್ಲಿ ನೆಲೆಸಿದ ಆತ್ಮನೆಂದು ಸಾರುವ ಹತ್ತನೆಯ ಅಧ್ಯಾಯದ 20ನೆಯ ಶ್ಲೋಕವನ್ನು ಮಹರ್ಷಿಗಳು ತೋರಿದರು. ಮುಂದೆ 42 ಶ್ಲೋಕಗಳನ್ನು ಆಯ್ದು ಗೀತಾಸಾರವಾಗಿ ಜೋಡಿಸಿದರು. ಆ ಜೋಡಣೆಯನ್ನು ಗಮನಿಸಬೇಕು. ಕಂಬನಿ ತುಂಬಿದ ಅರ್ಜುನನನ್ನು ಕಾಣಿಸುವ ಎರಡನೆಯ ಅಧ್ಯಾಯದ ಮೊದಲ ಶ್ಲೋಕವೇ ಅಲ್ಲಿಯೂ ಮೊದಲನೆಯದು. ಅದರ ಬೆನ್ನಿಗೆ ಬರಬೇಕಾಗಿದ್ದ, ಹೇಡಿತನವನ್ನು ಬಿಡೆಂಬ ಗದರಿಕೆಯನ್ನು ಬದಿಗಿರಿಸಿ, ಈ ಶರೀರವೇ ಕ್ಷೇತ್ರವೆಂದೂ ಅದನ್ನರಿಯುವವನೊಬ್ಬನುಂಟೆಂದೂ ಹೇಳುವ ಹದಿಮೂರನೆಯ ಅಧ್ಯಾಯಕ್ಕೆ ಅವರು ನೇರವಾಗಿ ನಡೆದರು. ಅಳುತ್ತಿರುವವನಿಗೆ ಧೈರ್ಯ ತಂದುಕೋ ಎಂದರೆ ಅದು ಅವನ ಮೇಲೆ ಇನ್ನೊಂದು ಹೊರೆ. ಆ ಅಳುವನ್ನು ಅರಿಯುತ್ತಿರುವವನು ನಿನ್ನೊಳಗೇ ಇದ್ದಾನೆ, ಅವನಾರೆಂದು ನೋಡು ಎಂದರೆ ಕಾಲೂರಲು ನೆಲ ಸಿಕ್ಕಂತೆ.

ಇದು ಬರಿಯ ಪಾಂಡಿತ್ಯದ ಮಾತಾಗಿರಲಿಲ್ಲ. 1896ರಲ್ಲಿ, ಹದಿನಾರರ ಹರೆಯದಲ್ಲಿ, ಮಧುರೆಯ ಮನೆಯಲ್ಲಿ ಮರಣಭಯವು ಹಠಾತ್ತನೆ ಮುತ್ತಿದಾಗ, ವೈದ್ಯರನ್ನೂ ಬಂಧುಗಳನ್ನೂ ಕರೆಯದೆ, ಶವದಂತೆ ಕೈಕಾಲು ನೀಡಿ ಮಲಗಿ, ಸಾಯುವುದು ಯಾವುದೆಂದು, ಮುಂದೆ ಮಹರ್ಷಿಯಾಗಲಿದ್ದ ಆ ಬಾಲಕನು ತನ್ನನ್ನೇ ಕೇಳಿಕೊಂಡನು. ವೇದಾಂತಗ್ರಂಥಗಳ ಪರಿಚಯವಾದುದು ಆಮೇಲೆ. ಎಡತೋಳಿನಲ್ಲೆದ್ದ ಗಂಟು, 1949ರಲ್ಲಿ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾದರೂ ಅಡಗದೆ ಬೆಳೆಯುತ್ತಿದ್ದಾಗ, ವೈದ್ಯರ ಕೆಲಸಕ್ಕೆ ಅಡ್ಡಿಯಾಗದೆ, ದರ್ಶನಕ್ಕೆ ಬಂದವರನ್ನು ಹಿಂದಕ್ಕೆ ಕಳುಹಗೊಡದೆ, 1950ರ ಏಪ್ರಿಲ್‌ 14ರ ತನಕ ಅವರು ಇದ್ದ ರೀತಿಯೇ ಆ 42 ಶ್ಲೋಕಗಳಿಗೆ ನಾನು ಬಲ್ಲ ಅತ್ಯುತ್ತಮ ಭಾಷ್ಯ.

ಅಂತರ್ಮುಖವಾದ ಈ ಓದು ಕರ್ತವ್ಯವಿಮುಖತೆಗೆ ದಾರಿಯಾದೀತೆಂಬ ಶಂಕೆ ನ್ಯಾಯವಾದುದೇ. ಅದಕ್ಕಾಗಿ ಡಿ.ವಿ.ಜಿ.ಯವರ ‘ಜೀವನಧರ್ಮಯೋಗ’ವು ಪಕ್ಕದಲ್ಲಿರಬೇಕು, ಸಂಸಾರದಲ್ಲಿ ನಿಂತೇ ಗೀತೆಯನ್ನು ಬಾಳಬೇಕೆನ್ನುವ ಆ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಆದರೂ ದುಡಿದ ಜೀವವು ಸೋತು ಕುಸಿದ ಘಳಿಗೆಯಲ್ಲಿ, ಕರ್ತವ್ಯೋಪದೇಶಕ್ಕಿಂತ ಮೊದಲು ಬೇಕಾದುದು ಮಹರ್ಷಿಗಳ ಕ್ರಮವೆಂದೇ ನನ್ನ ನಿಲುವು.

ಯಲಹಂಕ, ಯಶವಂತಪುರಗಳ ದೇವಾಲಯಗಳಲ್ಲಿ ಗೀತಾಪಾರಾಯಣವನ್ನು ಶ್ರದ್ಧೆಯಿಂದ ನಡೆಯಿಸುವವರಲ್ಲಿ ನನ್ನದೊಂದು ವಿನಂತಿ: ವಾರದಲ್ಲಿ ಒಂದು ಸಂಜೆ, ಅಧ್ಯಾಯವನ್ನು ಮುಗಿಸುವ ಅವಸರವನ್ನು ಬಿಟ್ಟು, ಈ 42ರಲ್ಲಿ ಒಂದನ್ನೇ ಓದಿರಿ, ತಿಳಿಗನ್ನಡದಲ್ಲಿ ಅರ್ಥ ಹೇಳಬಲ್ಲವರೊಬ್ಬರು ಹೇಳಲಿ, ಉಳಿದ ಹೊತ್ತು ಕೇಳಿದವರಿಗೆ ಸುಮ್ಮನೆ ಕುಳಿತಿರಲು ಬಿಡಿರಿ. ಇದಕ್ಕೆ ವೇದಿಕೆಯೂ ಬೇಡ, ಧ್ವನಿವರ್ಧಕವೂ ಬೇಡ.